ಬೇರಿನ ತೂಕವೂ ಬೇರಿನ ಗುಣವೂ

ಒಕ್ಕಲಿಗನು ಹೊಲದ ಬದುವಿನ ಮೇಲೆ ಕುಳಿತು, ಒಂದು ಹಿಡಿ ಮಣ್ಣನ್ನೆತ್ತಿ, ಅಂಗೈಯಲ್ಲಿ ಅದುಮಿ ಉಂಡೆ ಮಾಡಿ ಕೆಳಕ್ಕೆ ಬಿಟ್ಟಾಗ, ಅದು ಕೆಸರಿನ ಮುದ್ದೆಯಂತೆ ಚಪ್ಪಟೆಯಾಗದೆ, ಕೈಯಲ್ಲಿದ್ದಾಗಲೇ ಧೂಳಾಗಿ ಸೋರಿಹೋಗದೆ, ನೆಲ ತಾಗಿದೊಡನೆ ಹಗುರಾಗಿ ಒಡೆದು ಚೆದರಿತೆಂದರೆ ‘ಹದ ಬಂದಿದೆ’ ಎನ್ನುತ್ತಾನೆ. ಇದೇ ಮಾತನ್ನು ಲೇಹ್ಯ ಕಾಸುವ ವೈದ್ಯನು ಪಾಕದ ವಿಷಯದಲ್ಲಿಯೂ, ಕಮ್ಮಾರನು ಕುಡುಗೋಲಿನ ಅಲಗಿನ ವಿಷಯದಲ್ಲಿಯೂ, ಸಮಗಾರನು ತೊಗಲಿನ ವಿಷಯದಲ್ಲಿಯೂ ಆಡುವುದುಂಟು. ಮಣ್ಣಿನ ಹಸಿಗೂ ಮದ್ದಿನ ಪಾಕಕ್ಕೂ ನಮ್ಮ ಹಿರಿಯರು ಒಂದೇ ಶಬ್ದವನ್ನು ಬಳಸಿದುದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಔಷಧಿ ಸಸ್ಯಗಳನ್ನು ಬೆಳೆಯಿರೆಂದು ರೈತರನ್ನು ಹುರಿದುಂಬಿಸುತ್ತಿರುವ ಈ ಕಾಲದಲ್ಲಿ, ಬೀಜದ ಮಾತು, ಸಹಾಯಧನದ ಮಾತು, ಎಕರೆಗೆ ಬರುವ ಇಳುವರಿಯ ಮಾತು ಎಲ್ಲ ಕಡೆಯೂ ಕೇಳಿಬರುತ್ತಿದ್ದು, ಈ ಹದದ ಮಾತೊಂದು ಮಾತ್ರ ಕೇಳಿಬಾರದಿರುವುದೇ ಈ ಲೇಖನಕ್ಕೆ ಕಾರಣವಾಗಿದೆ.

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ದುಂಡಸಿಯನ್ನು ನಾನು ಉದಾಹರಣೆಗೆ ತೆಗೆದುಕೊಳ್ಳುವುದು ಅದರ ಮೇಲಣ ಅಭಿಮಾನದಿಂದ ಮಾತ್ರವಲ್ಲ. ಮಲೆನಾಡಿನ ಸೆರಗು ಮುಗಿದು ಬಯಲುಸೀಮೆಯ ಅಂಚು ತೊಡಗುವ ನೆಲ ಇದು. ಪಶ್ಚಿಮಕ್ಕೆ ಮುಂಡಗೋಡದ ಕಾಡು, ಪೂರ್ವಕ್ಕೆ ನಡೆದಷ್ಟೂ ಬಯಲಾಗುತ್ತ ಹೋಗುವ ಸವಣೂರಿನ ಎರೆಹೊಲಗಳು, ದಕ್ಷಿಣಕ್ಕೆ ಹಾನಗಲ್ಲಿನ ಭತ್ತದ ಗದ್ದೆ, ಅದರಾಚೆ ಹಿರೇಕೆರೂರಿನ ಕೆರೆಗಳ ಸೀಮೆ. ಕೃಷಿ ಹವಾಮಾನದ ವಿಂಗಡಣೆಯಲ್ಲಿ ಹಾನಗಲ್ಲು ಗುಡ್ಡಗಾಡು ವಲಯಕ್ಕೆ ಸೇರಿದರೆ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು ಉತ್ತರದ ಸಂಕ್ರಮಣ ವಲಯಕ್ಕೆ ಸೇರುತ್ತವೆ. ಆ ಸಂಕ್ರಮಣ ವಲಯವೊಂದರಲ್ಲಿಯೇ ವರ್ಷದ ಮಳೆ ಸುಮಾರು 620 ಮಿಲಿಮೀಟರಿನಿಂದ 1300 ಮಿಲಿಮೀಟರಿನವರೆಗೆ ಏರಿಳಿಯುತ್ತದೆ. ಒಂದು ದಿನದ ಪಯಣದಷ್ಟು ಅಂತರದಲ್ಲಿ ಮಳೆಯೂ ಮಣ್ಣೂ ಇಷ್ಟು ಬದಲಾಗುವ ಪ್ರದೇಶದಲ್ಲಿ, ‘ಹಾವೇರಿ ಜಿಲ್ಲೆಗೆ ಇಂಥ ಔಷಧಿ ಬೆಳೆ ಯೋಗ್ಯ’ ಎಂಬ ಒಂದೇ ವಾಕ್ಯದ ಸಲಹೆಗೆ ಅರ್ಥವೇ ಇರಲಾರದು.

ಮಳೆಯ ಪ್ರಮಾಣ ಒಂದೇ ಆಗಿದ್ದರೂ ಮಣ್ಣು ಅದನ್ನು ಹಿಡಿದಿಡುವ ಬಗೆ ಬೇರೆ. ಎರೆಮಣ್ಣು ಜಿಪುಣ ಸಾಹುಕಾರನಂತೆ: ಬಹಳ ಕೂಡಿಡುತ್ತದೆ, ಆದರೆ ಕೇಳಿದಷ್ಟು ಕೊಡುವುದಿಲ್ಲ. ಅದರ ಕಣಗಳು ಅತಿ ಸೂಕ್ಷ್ಮವಾಗಿದ್ದು ನೀರನ್ನು ಬಿಗಿಯಾಗಿ ಅಂಟಿಸಿಕೊಂಡಿರುವುದರಿಂದ, ಗಿಡ ಬಾಡಿ ನಿಂತ ಹೊತ್ತಿನಲ್ಲಿಯೂ ಆ ಮಣ್ಣಿನಲ್ಲಿ ಸಾಕಷ್ಟು ನೀರು ಉಳಿದೇ ಇರುತ್ತದೆ. ಬೇರಿಗೆ ಅದನ್ನು ಎಳೆದುಕೊಳ್ಳುವ ಶಕ್ತಿಯಿರುವುದಿಲ್ಲ, ಅಷ್ಟೆ. ಮಸಾರಿ ಮಣ್ಣಾದರೋ ಬೇಗ ಕುಡಿದು ಬೇಗ ಬಸಿದುಬಿಡುತ್ತದೆ. ಅದರಲ್ಲಿ ಇದ್ದಷ್ಟು ನೀರಿನ ಬಹುಭಾಗ ಗಿಡದ ಪಾಲಿಗೆ ಸುಲಭವಾಗಿ ದೊರೆಯುತ್ತದೆ, ಆದರೆ ಎಂಟು ಹತ್ತು ದಿನ ಮಳೆ ಹಿಂದಾದರೆ ಕೈ ಬರಿದು. ಎಳ್ಳಮಾವಾಸ್ಯೆಯ ಹೊತ್ತಿಗೆ ಸವಣೂರ ಕಡೆಯ ಎರೆಹೊಲದಲ್ಲಿ ಕೂಡಿದ ಹಸಿಯೊಂದನ್ನೇ ನಂಬಿ ಹಿಂಗಾರಿ ಜೋಳವೂ ಕಡಲೆಯೂ ಬೆಳೆದು ನಿಲ್ಲುವುದನ್ನು ಕಂಡವರಿಗೆ ಆ ಮಣ್ಣಿನ ಉಪಕಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಮಣ್ಣು ಮುಂಗಾರಿನಲ್ಲಿ ನೀರು ನಿಂತಾಗ ಬೇರಿನ ಉಸಿರು ಕಟ್ಟಿಸುತ್ತದೆ, ಬೇಸಗೆಯಲ್ಲಿ ಬಿರುಕುಬಿಟ್ಟಾಗ ಎಳೆಯ ಬೇರುಗಳನ್ನು ಹರಿದೇ ಹಾಕುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆಂಬ ಒಂದು ಸಂಗತಿಯನ್ನು ನೆನೆದರೆ ಸಾಕು, ಜವುಳು ಹೊಲದಲ್ಲಿ ಬೇರು ಏಕೆ ಕೊಳೆಯುತ್ತದೆಂಬುದು ತಿಳಿಯುತ್ತದೆ.

ಜೋಳಕ್ಕೆ ನೀರು ಕಡಿಮೆಯಾದರೆ ತೆನೆ ಸಣ್ಣದಾಗುತ್ತದೆ. ಅಲ್ಲಿಗೆ ಆ ಲೆಕ್ಕ ಮುಗಿಯಿತು. ಮದ್ದಿನ ಗಿಡದಲ್ಲಿ ಮಾತ್ರ ಲೆಕ್ಕ ಎರಡಾಗುತ್ತದೆ, ಏಕೆಂದರೆ ನಾವು ಅದರಿಂದ ಬಯಸುವುದು ಅದರ ಮೈಯನ್ನಲ್ಲ, ಅದರ ಸಾರವನ್ನು. ಆ ಸಾರವೋ ಗಿಡವು ನಮ್ಮ ರೋಗವನ್ನು ನೆನೆದು ಸಿದ್ಧಪಡಿಸಿದ್ದಲ್ಲ. ತನ್ನ ಕಷ್ಟಕಾಲಕ್ಕೆಂದು, ಹುಳು ಕಚ್ಚಿದಾಗ, ಬಿಸಿಲು ಸುಟ್ಟಾಗ, ನೆಲ ಒಣಗಿದಾಗ ತನ್ನನ್ನು ತಾನು ಕಾಪಾಡಿಕೊಳ್ಳಲೆಂದು ಮಾಡಿಕೊಂಡ ರಕ್ಷಣೆ. ನೀರಿನ ಕೊರತೆಗೆ ಸಸ್ಯಗಳು ಕೊಡುವ ಉತ್ತರಗಳು ನಾನಾ ವಿಧ. ಸವಣೂರಿನ ದೊಡ್ಡ ಹುಣಸೆ ಮಠದ ಆವರಣದಲ್ಲಿರುವ, ಆಫ್ರಿಕಾ ಮೂಲದ ದೊಡ್ಡ ಹುಣಸೆಯ ಮಹಾವೃಕ್ಷಗಳನ್ನು ನೋಡಿದವರು ಆನೆಯ ಕಾಲಿನಂಥ ಅವುಗಳ ಕಾಂಡದ ಗಾತ್ರಕ್ಕೆ ಬೆರಗಾಗುತ್ತಾರೆ. ಮಳೆಯ ನೀರನ್ನು ಮೈಯಲ್ಲಿಯೇ ತುಂಬಿಟ್ಟುಕೊಂಡು ಬೇಸಗೆಯನ್ನು ಕಳೆಯುವುದು ಅವುಗಳ ಉಪಾಯ. ಕೆಲವು ಮರಗಳು ಎಲೆಯುದುರಿಸಿ ಬದುಕುತ್ತವೆ. ಅಂಥ ಕಾಂಡವಾಗಲಿ ಆಯುಷ್ಯವಾಗಲಿ ಇಲ್ಲದ ಸಣ್ಣ ಮೂಲಿಕೆಗಳು ಬೇರೊಂದು ದಾರಿ ಹಿಡಿಯುತ್ತವೆ. ಮಣ್ಣು ಒಣಗತೊಡಗಿದೊಡನೆ ಬೇರಿನಿಂದ ಎಲೆಗೆ ಆಬ್ಸಿಸಿಕ್ ಆಮ್ಲವೆಂಬ ರಸದ ಮೂಲಕ ಸುದ್ದಿ ಹೋಗುತ್ತದೆ. ಎಲೆಯ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಉಳಿಯುತ್ತದೆ, ಆದರೆ ಇಂಗಾಲಾಮ್ಲವು ಒಳಬರುವುದೂ ಕಡಿಮೆಯಾಗುತ್ತದೆ. ಬಿಸಿಲು ಮಾತ್ರ ಮೊದಲಿನಂತೆಯೇ ಬೀಳುತ್ತಿರುತ್ತದೆ. ಹೀಗೆ ಮೈ ಬೆಳೆಸಲು ಬಳಸಲಾಗದೆ ಉಳಿದ ಶಕ್ತಿಯನ್ನು ಸಸ್ಯವು ಆಲ್ಕಲಾಯ್ಡು, ಟರ್ಪೀನು, ಫೀನಾಲು ಮೊದಲಾದ ವಸ್ತುಗಳ ತಯಾರಿಕೆಗೆ ತಿರುಗಿಸುತ್ತದೆ. ವೈದ್ಯನು ‘ವೀರ್ಯ’ವೆನ್ನುವುದರ ಬಹುಭಾಗ ಅಡಗಿರುವುದು ಇವುಗಳಲ್ಲಿಯೇ.

ಹಿರೇಮದ್ದಿನ ಗಿಡವೆಂದು ನಮ್ಮಲ್ಲಿ ಹೆಸರಾದ ಅಶ್ವಗಂಧವನ್ನು ನೋಡೋಣ. ಇದು ನೀರು ಬಸಿದುಹೋಗುವ ಮರಳುಮಿಶ್ರಿತ ಇಲ್ಲವೆ ಹಗುರವಾದ ಕೆಂಪು ನೆಲದ ಬೆಳೆ. ಆಶ್ಲೇಷ, ಮಘೆ ಮಳೆಗಳ ಹೊತ್ತಿಗೆ ಬಿತ್ತಿದರೆ ಐದಾರು ತಿಂಗಳಲ್ಲಿ, ನೆಲ ಒಣಗಿ ಕಾಯಿ ಕೆಂಪಗಾದ ಮೇಲೆ, ಬೇರು ಕೀಳುವುದು ವಾಡಿಕೆ. ಮಧ್ಯಪ್ರದೇಶದ ನೀಮಚ್, ಮಂದಸೌರ್‌ಗಳಲ್ಲಿ ಈ ಬೆಳೆ ನೆಲೆಯೂರಿದುದು ಅಲ್ಲಿ ನೀರು ಹೇರಳವಾಗಿದ್ದುದರಿಂದಲ್ಲ, ಮಳೆಗಾಲದ ತುದಿಯ ಹಸಿಯೊಂದರಿಂದಲೇ ಅದು ಬದುಕಬಲ್ಲುದಾದುದರಿಂದ. ಮಿತವಾದ ನೀರಿನ ಕೊರತೆಯಲ್ಲಿ ಇದರ ಬೇರಿನ ವಿಥನೋಲೈಡುಗಳ ಅಂಶ ಏರುವುದನ್ನು ಪ್ರಯೋಗಗಳು ತೋರಿಸಿವೆ. ಕೊರತೆ ಮಿತಿಮೀರಿದರೆ ಬೇರೇ ಸೊರಗುತ್ತದೆ. ನೀರು ನಿಂತರೆ ಬುಡ ಕೊಳೆತು ಬೆಳೆಯೇ ಕೈಬಿಡುತ್ತದೆ. ನಮ್ಮ ಮನೆಯಂಗಳದ ನಿತ್ಯಪುಷ್ಪದ ಬೇರಿನಲ್ಲಿಯೂ ನೀರು ತಡೆದಾಗ ಆಲ್ಕಲಾಯ್ಡುಗಳ ಅಂಶ ಹೆಚ್ಚುವುದನ್ನು ಕಂಡಿದ್ದಾರೆ. ಮಲೇರಿಯಾಕ್ಕೆ ಮದ್ದು ಕೊಟ್ಟು, 2015ರಲ್ಲಿ ಚೀನದ ವಿಜ್ಞಾನಿ ತೂ ಯೂಯೂ ಅವರಿಗೆ ನೊಬೆಲ್ ಪಾರಿತೋಷಕವನ್ನು ತಂದ ಆರ್ಟಿಮೀಸಿಯಾ ಗಿಡದಲ್ಲಿ, ಕೊಯ್ಲಿಗೆ ಮುನ್ನ ಅಲ್ಪಕಾಲ ನೀರು ತಡೆದುದರಿಂದ ಸಾರ ಹೆಚ್ಚಿದ ನಿದರ್ಶನವಿದೆ. ಆದರೆ ಇದನ್ನೆಲ್ಲ ಓದಿ ‘ಬರವೇ ಮದ್ದಿನ ತಾಯಿ’ ಎಂದು ನಿರ್ಣಯಿಸುವುದು ದೊಡ್ಡ ತಪ್ಪಾದೀತು. ಯುರೋಪಿನಲ್ಲಿ ಮನಸ್ಸಿನ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ನೀರಿನ ಕೊರತೆಯಿಂದ ಅದರ ಒಂದು ಸಾರವಸ್ತುವಾದ ಹೈಪರ್‌ಫೋರಿನ್ ಹೆಚ್ಚಿ, ಇನ್ನೊಂದಾದ ಹೈಪರಿಸಿನ್ ಕಡಿಮೆಯಾಯಿತು. ಒಂದೇ ಗಿಡ, ಒಂದೇ ಬಾಯಾರಿಕೆ, ಎರಡು ಫಲ! ಆದುದರಿಂದ ಪ್ರತಿಯೊಂದು ಸಸ್ಯಕ್ಕೂ, ಅದರಿಂದ ನಾವು ಬಯಸುವ ಗುಣಕ್ಕೂ, ಅದು ನಿಂತ ನೆಲಕ್ಕೂ ತಕ್ಕ ಹದವೊಂದಿರುವುದಲ್ಲದೆ, ಎಲ್ಲಕ್ಕೂ ಹೊಂದುವ ಹದವಿಲ್ಲ.

ಹಸಿಯೇ ಪ್ರಾಣವಾಗಿರುವ ಮದ್ದಿನ ಗಿಡಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಗದ್ದೆಯ ಬದುವಿನ ಮೇಲೆ, ಬಚ್ಚಲ ನೀರು ಹರಿಯುವಲ್ಲಿ, ಒಂದೆಲಗ ತಾನಾಗಿ ಹಬ್ಬುತ್ತದೆ. ಅದನ್ನು ಒಣಮರಡಿಯಲ್ಲಿ ನೆಟ್ಟು ಸೊಪ್ಪು ಬಯಸುವುದು ವ್ಯರ್ಥ. ಬಜೆಯನ್ನು ತುಮಕೂರು ಜಿಲ್ಲೆಯ ಕೊರಟಗೆರೆಯ ಕಡೆಯಲ್ಲಿ ಭತ್ತದಂತೆಯೇ ಕೆಸರುಗದ್ದೆಯಲ್ಲಿ ಬೆಳೆಯುತ್ತಾರೆ. ಹಾನಗಲ್ಲು, ಹಿರೇಕೆರೂರುಗಳಲ್ಲಿ ಕೆರೆಯ ಏರಿಯ ಕೆಳಗೆ ಒಸರು ನೀರಿನಿಂದ ಜವುಳು ಹಿಡಿದು, ಮೆಕ್ಕೆಜೋಳವನ್ನೂ ಹತ್ತಿಯನ್ನೂ ಒಲ್ಲದ ನೆಲಗಳಿವೆ. ಅಂಥ ನೆಲವನ್ನು ಕೆಟ್ಟ ನೆಲವೆಂದು ನಾವು ಹಳಿಯುತ್ತೇವೆ. ಬಜೆಗೂ ನೀರುಬ್ರಾಹ್ಮಿಗೂ ಅದೇ ಒಳ್ಳೆಯ ನೆಲವಾದೀತು.

ಸವಣೂರಿನ ಎಲೆಬಳ್ಳಿಯ ಮಾತನ್ನು ನಾನು ಬೇಕೆಂದೇ ಪ್ರತ್ಯೇಕವಾಗಿ ತೆಗೆಯುತ್ತೇನೆ. ತಾಂಬೂಲದ ಎಲೆಯನ್ನು ನಾವು ಮರ್ಯಾದೆಯ ವಸ್ತುವೆಂದು ಎಣಿಸುವಷ್ಟರಲ್ಲಿ ಅದು ಮದ್ದಿನ ಗಿಡವೆಂಬುದನ್ನು ಮರೆತಿದ್ದೇವೆ. ಮಗುವಿನ ನೆಗಡಿಗೆ ಬೆಚ್ಚಗೆ ಮಾಡಿದ ಎಲೆಯನ್ನು ಎದೆಗೆ ಒತ್ತಿದ ಅಜ್ಜಿ ಅದನ್ನು ಮರೆತಿರಲಿಲ್ಲ. ಈ ಬಳ್ಳಿಯಷ್ಟು ನೀರಿನ ಸೂಕ್ಷ್ಮವುಳ್ಳ ಸಸ್ಯ ವಿರಳ. ಬುಡದ ಮಣ್ಣು ಒಣಗಿದರೆ ಎಲೆ ಬಿರುಸಾಗಿ ಕಿರಿದಾಗುತ್ತದೆ. ನೀರು ನಿಂತರೆ ಬುಡ ಕೊಳೆಯುವ ರೋಗ ತಗಲಿ ವರುಷಗಳ ತೋಟ ಕೆಲವೇ ವಾರಗಳಲ್ಲಿ ನೆಲಕಚ್ಚುತ್ತದೆ. ಆದುದರಿಂದ ತೋಟಿಗನು ನುಗ್ಗೆ, ಚೊಗಚೆಗಳ ಆಸರೆಮರಗಳ ನೆರಳಿನಲ್ಲಿ ಬಳ್ಳಿಯನ್ನಿರಿಸಿ, ಬಸಿಗಾಲುವೆ ತೆಗೆದು, ದಿನದಿನವೂ ಬೆರಳಿನಿಂದ ಮಣ್ಣು ಮುಟ್ಟಿ ನೋಡಿ ನೀರು ಹಾಯಿಸುತ್ತ ಬಂದಿದ್ದಾನೆ. ಎಲೆಯ ಬೆಲೆ ಅದರ ಎಳೆತನ, ಬಣ್ಣ, ಘಮಗಳ ಮೇಲೆ ನಿಂತಿರುವುದರಿಂದ, ತೂಕಕ್ಕಾಗಿ ನೀರು ಸುರಿಯುವ ಆಸೆ ಅವನಿಗೆ ಹುಟ್ಟಲಿಲ್ಲ.

ಬೇರಿನ ಬೆಳೆಗಾರನ ಸ್ಥಿತಿ ಹಾಗಲ್ಲ. ಇಲ್ಲಿಯೇ ನನ್ನ ಮುಖ್ಯವಾದ ದೂರು ಇದೆ. ಕಲ್ಪನೆಗಾಗಿ ಒಂದು ಲೆಕ್ಕ ಹಾಕೋಣ. ಒಬ್ಬನು ತನ್ನ ಎಕರೆ ಹೊಲಕ್ಕೆ ಕೊನೆಯವರೆಗೂ ನೀರು ಹಾಯಿಸಿ 400 ಕಿಲೋ ಒಣಬೇರು ತೆಗೆದನೆನ್ನೋಣ. ಅದರಲ್ಲಿ ಸಾರ ನೂರಕ್ಕೆ 0.3 ಇದ್ದರೆ ಒಟ್ಟು ಸಾರ 1.2 ಕಿಲೋ. ಪಕ್ಕದ ಹೊಲದವನು ಹದವರಿತು ಕಡೆಯ ನೀರುಗಳನ್ನು ತಡೆದು 280 ಕಿಲೋ ಬೇರು ತೆಗೆದು, ಅದರ ಸಾರ ನೂರಕ್ಕೆ 0.4 ಆದರೆ, ಒಟ್ಟು ಸಾರ 1.12 ಕಿಲೋ. ಮದ್ದು ಮಾಡುವವನ ದೃಷ್ಟಿಯಿಂದ ಈ ಎರಡು ಹೊಲಗಳ ಅಂತರ ನೂರಕ್ಕೆ ಏಳರಷ್ಟೂ ಇಲ್ಲ. ಅಷ್ಟೇ ಅಲ್ಲ, ಎರಡನೆಯವನ ಬೇರನ್ನು ಸಾಗಿಸುವ, ಕುಟ್ಟುವ, ಕುದಿಸುವ ಖರ್ಚೂ ಕಡಿಮೆ. ಆದರೆ ತೂಕದ ಮೇಲೆ ಹಣ ಎಣಿಸುವ ಪೇಟೆಯಲ್ಲಿ ಎರಡನೆಯವನು ನೂರಕ್ಕೆ ಮೂವತ್ತು ರೂಪಾಯಿ ಕಳೆದುಕೊಂಡು ಮನೆಗೆ ಬರುತ್ತಾನೆ. ಮರುವರ್ಷ ಅವನೂ ಪಂಪಿನ ಗುಂಡಿ ಒತ್ತುತ್ತಾನೆ. ಅವನನ್ನು ದುರಾಸೆಯವನೆಂದು ಕರೆಯುವ ಹಕ್ಕು ನಮಗಿಲ್ಲ. ಒಳ್ಳೆಯದನ್ನು ಬೆಳೆದವನಿಗೆ ದಂಡ ಹಾಕುವ ತಕ್ಕಡಿಯನ್ನು ಇಟ್ಟವರು ನಾವು. ಕೊನೆಗೆ ಈ ನಷ್ಟವನ್ನು ಹೊರುವವನು ರೋಗಿ; ಚೂರ್ಣದ ಡಬ್ಬಿಯ ಮೇಲೆ ಹೆಸರು ಸರಿಯಾಗಿರುತ್ತದೆ, ಪ್ರಮಾಣ ಸರಿಯಾಗಿರುತ್ತದೆ, ಗುಣ ಮಾತ್ರ ಕಾಣದೆ, ಆಯುರ್ವೇದವೇ ನಿಷ್ಫಲವೆಂದು ಅವನು ತಿಳಿಯುತ್ತಾನೆ.

ನಮ್ಮ ಪ್ರಾಚೀನ ವೈದ್ಯಶಾಸ್ತ್ರಕಾರರು ಈ ವಿಷಯದಲ್ಲಿ ಎಷ್ಟು ಎಚ್ಚರಿಕೆಯುಳ್ಳವರಾಗಿದ್ದರೆಂಬುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ. ಚರಕಸಂಹಿತೆಯ ಕಲ್ಪಸ್ಥಾನವು ಭೂಮಿಯನ್ನು ಒಣನಾಡಾದ ಜಾಂಗಲ, ನೀರುನಾಡಾದ ಆನೂಪ, ಎರಡರ ನಡುವಣ ಸಾಧಾರಣ ಎಂದು ಮೂರಾಗಿ ವಿಂಗಡಿಸಿ, ಮದ್ದಿನ ದ್ರವ್ಯಗಳನ್ನು ಸಾಧಾರಣ ಅಥವಾ ಜಾಂಗಲ ದೇಶದಲ್ಲಿ ಬೆಳೆದವುಗಳಿಂದ ಸಂಗ್ರಹಿಸಬೇಕೆಂದು ವಿಧಿಸುತ್ತದೆ. ಸುಶ್ರುತನಾದರೋ ಔಷಧಿಗೆ ಯೋಗ್ಯವಾದ ಭೂಮಿಯ ವಿಚಾರಕ್ಕೆಂದೇ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಬೇರುಗಳನ್ನು ಗ್ರೀಷ್ಮದಲ್ಲಿ ಇಲ್ಲವೆ ಎಲೆಯುದುರುವ ಶಿಶಿರದಲ್ಲಿ, ತೊಗಟೆ, ಕಂದ, ಹಾಲುಗಳನ್ನು ಶರದೃತುವಿನಲ್ಲಿ, ಮರದ ಸಾರವನ್ನು ಹೇಮಂತದಲ್ಲಿ ತೆಗೆಯಬೇಕೆಂಬ ಚರಕನ ಕಟ್ಟಳೆಯನ್ನು ಬರಿಯ ಸಂಪ್ರದಾಯವೆಂದು ತಳ್ಳಿಹಾಕುವವರು, ಆ ಋತುಗಳಲ್ಲಿ ಮಣ್ಣಿನ ಹಸಿ ಎಷ್ಟಿರುತ್ತದೆಂಬುದನ್ನು ಒಮ್ಮೆ ಯೋಚಿಸಬೇಕು. ದುಂಡಸಿಯ ಸುತ್ತಣ ಈ ಸೆರಗುನಾಡು ಆ ಶಾಸ್ತ್ರ ಹೇಳುವ ಸಾಧಾರಣ ದೇಶಕ್ಕೆ ಬಹಳ ಸಮೀಪವಾದುದೆಂದು ನಾನು ಭಾವಿಸುತ್ತೇನೆ.

ಈಗಿನ ಆಡಳಿತದ ಕ್ರಮವನ್ನು ನೋಡಿದರೆ ಆ ಎಚ್ಚರಿಕೆಯ ನೆರಳೂ ಕಾಣುವುದಿಲ್ಲ. 2000ನೆಯ ಇಸವಿಯಲ್ಲಿ ರಾಷ್ಟ್ರೀಯ ಔಷಧಿ ಸಸ್ಯಗಳ ಮಂಡಳಿ ಸ್ಥಾಪಿತವಾಯಿತು. ಅದರಿಂದ ಒಳ್ಳೆಯ ಕೆಲಸಗಳು ನಡೆದಿಲ್ಲವೆಂದಲ್ಲ. ಮುಂದೆ ಆಯುಷ್ ಅಭಿಯಾನದಡಿಯಲ್ಲಿ 140 ಸಸ್ಯಗಳ ಬೇಸಾಯಕ್ಕೆ ನೂರಕ್ಕೆ 30, 50, 75ರಂತೆ ಮೂರು ದರ್ಜೆಯ ಸಹಾಯಧನ ಗೊತ್ತಾಯಿತು. ಆ ದರ್ಜೆ ನಿಂತದ್ದು ಸಸ್ಯದ ಹೆಸರಿನ ಮೇಲೆ. ನೆಲದ ಸ್ವಭಾವದ ಮೇಲಲ್ಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯನ್ನು ನೋಡಿ: ಸಾರಜನಕ, ರಂಜಕ, ಪೊಟ್ಯಾಶ್‌ಗಳಿಂದ ತೊಡಗಿ ಸತು, ಬೋರಾನ್‌ಗಳವರೆಗೆ 12 ಅಂಶಗಳನ್ನು ಅದು ರೈತನಿಗೆ ತಿಳಿಸುತ್ತದೆ. ಅವನ ಮಣ್ಣು ಎಷ್ಟು ನೀರು ಹಿಡಿಯುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಬೇಗ ಬಸಿಯುತ್ತದೆ ಎಂಬ ಒಂದು ಸಾಲು ಅದರಲ್ಲಿಲ್ಲ. ಔಷಧಿ ಬೆಳೆಗೆ ಎಲ್ಲಕ್ಕಿಂತ ಮೊದಲು ಬೇಕಾದ ಸಾಲು ಅದೇ.

ಗುಣಕ್ಕೆ ಬೆಲೆ ಕಟ್ಟುವುದು ಕಾರ್ಯಸಾಧ್ಯವಲ್ಲವೆಂದು ಹೇಳುವವರಿದ್ದಾರೆ. ಅವರನ್ನು ನಾನು ಬ್ಯಾಡಗಿಯ ಪೇಟೆಗೆ ಕರೆದೊಯ್ಯಲು ಇಷ್ಟಪಡುತ್ತೇನೆ. ಅದು ನಮ್ಮದೇ ಜಿಲ್ಲೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಲೋಕವಿಖ್ಯಾತವಾದುದು ಖಾರದಿಂದಲ್ಲ, ಬಣ್ಣದಿಂದ. ಹೆಚ್ಚಾಗಿ ಎರೆಹೊಲದ ಹಸಿಯ ಮೇಲೆಯೇ ಬೆಳೆದು, ಒಣಗಿ ಸುಕ್ಕುಗಟ್ಟಿ ಕೆಂಪೇರುವ ಈ ಕಾಯನ್ನು ಕೊಳ್ಳುವವನು ಮುಷ್ಟಿಯಲ್ಲಿ ಹಿಡಿದು, ಬಣ್ಣ ನೋಡಿ, ಒಣಗಿದ ಸಪ್ಪಳ ಆಲಿಸಿ, ಡಬ್ಬಿ ತಳಿಯೋ ಕಡ್ಡಿ ತಳಿಯೋ ಎಂದು ವಿಂಗಡಿಸಿ ದರ ಕೂಗುತ್ತಾನೆ. ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳು ಅದನ್ನು ಯಂತ್ರದಿಂದಲೇ ಅಳೆಯುತ್ತವೆ. ಒಂದೇ ದಿನ, ಒಂದೇ ಅಂಗಳದಲ್ಲಿ, ಒಂದು ರಾಶಿಗೂ ಪಕ್ಕದ ರಾಶಿಗೂ ಬೆಲೆಯಲ್ಲಿ ಅಜಗಜಾಂತರವಿರುತ್ತದೆ. ಕೊಯ್ಲಿನ ಹೊತ್ತಿನ ಮಳೆ ತನ್ನ ಕಾಯಿಗೆ ಏನು ಮಾಡುತ್ತದೆಂಬುದನ್ನು ಮೆಣಸಿನಕಾಯಿಯ ರೈತನಿಗೆ ಯಾವ ಉಪನ್ಯಾಸಕನೂ ಕಲಿಸಬೇಕಾಗಿಲ್ಲ, ಪೇಟೆಯೇ ಕಲಿಸಿದೆ. ಮೆಣಸಿನಕಾಯಿಗೆ ಸಲ್ಲುವ ನ್ಯಾಯ ಹಿರೇಮದ್ದಿನ ಬೇರಿಗೆ, ಶತಾವರಿಗೆ, ನೆಲಬೇವಿಗೆ ಏಕೆ ಸಲ್ಲಬಾರದು?

ಆದಕಾರಣ ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ದುಂಡಸಿಯಂಥ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಔಷಧಿ ಬೆಳೆಗೆ ಅರ್ಜಿ ಹಾಕುವ ರೈತನ ಹೊಲದ ನೀರು ಹಿಡಿಯುವ ಶಕ್ತಿಯನ್ನು ಮೊದಲು ಪರೀಕ್ಷಿಸಿ, ಅನಂತರ ಸಸ್ಯವನ್ನು ಸೂಚಿಸುವ ಕ್ರಮ ಬರಲಿ. ಸಹಾಯಧನದ ಒಂದು ಪಾಲು ಬಸಿಗಾಲುವೆಗೂ ಏರುಮಡಿಗೂ ಮೀಸಲಾಗಲಿ. ತುದಿಯಲ್ಲಿ ಸುಟ್ಟಮಣ್ಣಿನ ಬಟ್ಟಲಿರುವ ನೀರು ತುಂಬಿದ ಒಂದು ಕೊಳವೆ, ಅದಕ್ಕೊಂದು ಮಾಪಕ, ಇಷ್ಟೇ ಇರುವ ಟೆನ್ಸಿಯೋಮೀಟರ್ ಎಂಬ ಸರಳ ಸಾಧನ, ಬೇರು ನೀರಿಗಾಗಿ ಎಷ್ಟು ಬಲದಿಂದ ಎಳೆಯಬೇಕಾಗಿದೆಯೆಂಬುದನ್ನು ತೋರಿಸುತ್ತದೆ. ಊರಿಗೆ ನಾಲ್ಕು ಇದ್ದರೂ ಸಾಕು. ಕೊಳ್ಳುವ ಸಂಸ್ಥೆಗಳು ಬೇರಿನ ಸಾರವನ್ನು ತಮ್ಮ ಪ್ರಯೋಗಾಲಯದಲ್ಲಿ ಹೇಗೂ ಪರೀಕ್ಷಿಸಿಕೊಳ್ಳುತ್ತವೆ. ಆ ಅಂಕಿಯನ್ನು ಬೆಳೆದವನಿಗೂ ತಿಳಿಸಿ, ಅದರ ಮೇಲೆ ದರ ಕಟ್ಟಲಿ.

ಮಳೆಯನ್ನು ಹಿಡಿತದಲ್ಲಿಡಲು ಯಾರಿಂದಲೂ ಆಗದಿರುವಾಗ ಇದೆಲ್ಲ ಏಕೆಂಬ ಪ್ರಶ್ನೆ ಬರಬಹುದು. 2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿ ಹೊಲಗಳನ್ನು ಮುಳುಗಿಸಿದುದನ್ನೂ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟುದನ್ನೂ ಕಂಡ ಜನಕ್ಕೆ ಈ ಪ್ರಶ್ನೆ ಸಹಜವಾದುದೇ. ಆದರೆ ಮಳೆ ನಮ್ಮ ಕೈಯಲ್ಲಿಲ್ಲದಿದ್ದರೂ ಬಿದ್ದ ಮಳೆಯನ್ನು ಮಣ್ಣು ಹಿಡಿಯುವ ಬಗೆ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಕೊಟ್ಟಿಗೆ ಗೊಬ್ಬರ ಉಂಡ ಮಸಾರಿ ನೆಲ ಹೆಚ್ಚು ದಿನ ಹಸಿ ಹಿಡಿಯುತ್ತದೆ. ಅದೇ ಗೊಬ್ಬರ ಉಂಡ ಎರೆನೆಲ ಸಡಿಲಾಗಿ ನೀರು ಬಿಡುತ್ತದೆ. ಎಡೆಕುಂಟೆ ಹೊಡೆದ ಹೊಲದಲ್ಲಿ ಬಿರುಕು ಮುಚ್ಚಿ ಹಸಿ ಉಳಿಯುತ್ತದೆ. ಒಡ್ಡು, ಕೃಷಿಹೊಂಡ, ಮುಚ್ಚಿಗೆ ಇವು ಯಾವುವೂ ಹೊಸತಲ್ಲ. ಬರುವ ಮಘೆ ಮಳೆಯ ಹೊತ್ತಿಗೆ ದುಂಡಸಿಯ ಮಸಾರಿ ಹೊಲವೊಂದರಲ್ಲಿ ಹಿರೇಮದ್ದಿನ ಬೀಜ ಚೆಲ್ಲುವ ರೈತನಿಗೆ, ಕಡೆಯ ನೀರನ್ನು ತಡೆದರೆ ತನ್ನ ಬೇರಿನ ಬೆಲೆ ಏರುತ್ತದೆಂಬ ಭರವಸೆಯನ್ನು ಯಾರಾದರೂ ಬರೆದುಕೊಟ್ಟಾರೆಯೇ? ಕೊಟ್ಟರೆ, ಉಳಿದುದನ್ನು ಅವನ ಅಂಗೈಯೇ ನೋಡಿಕೊಳ್ಳುತ್ತದೆ.